ಶನಿವಾರ ನಮ್ಮೂರ ಕಂಬಳ: ಬುಧವಾರದಿಂದಲೇ ತಯಾರಾಗುವುದು ಹೇಗೆ

ಮೂಡುಬಿದಿರೆಗೆ ಕಂಬಳದ ವಾರ ಬಂತೆಂದು ನನಗೆ ಮೊದಲು ಗೊತ್ತಾಗುವುದು ನನ್ನ ಹೊಲಿಗೆ ಅಂಗಡಿಯಲ್ಲಿ. ಹುಡುಗರು ಒಂದೇ ಬಣ್ಣದ ಹತ್ತು ಹದಿನೈದು ಟೀಶರ್ಟ್ ಹೊತ್ತು ತರುತ್ತಾರೆ. "ಅಕ್ಕಾ, ಇದರ ಸೈಡ್ ಸ್ವಲ್ಪ ಹಿಡಿದು ಕೊಡಿ, ಶುಕ್ರವಾರದ ಒಳಗೆ ಬೇಕಿತ್ತು." ನಾನು ಟೀಶರ್ಟ್ ತಿರುಗಿಸಿ ಬೆನ್ನಿನ ಮೇಲೆ ಯಾವ ಮನೆಯ ಕೋಣಗಳ ಹೆಸರಿದೆ ಎಂದು ನೋಡುತ್ತೇನೆ. ನಮ್ಮ ಜೋಡಿಯದ್ದಾದರೆ ಗುರುವಾರಕ್ಕೇ ರೆಡಿ. ಬೇರೆಯವರದ್ದಾದರೆ ಶುಕ್ರವಾರ ಮಧ್ಯಾಹ್ನ. ಅಷ್ಟು ಪಕ್ಷಪಾತ ಇಲ್ಲದಿದ್ದರೆ ಅಭಿಮಾನ ಎಂದು ಯಾಕೆ ಹೇಳುವುದು, ಅಲ್ವಾ?

ಬೆಂಗಳೂರಿನಲ್ಲಿರುವ ನನ್ನ ನಾದಿನಿ ಪ್ರತಿ ವರ್ಷ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾಳೆ. "ಅತ್ತಿಗೆ, ಕಂಬಳಕ್ಕೆ ಎಷ್ಟು ಗಂಟೆಗೆ ಬಂದರೆ ಸಾಕು?" 2023ರ ನವೆಂಬರ್‌ನಲ್ಲಿ ಅವರ ಅರಮನೆ ಮೈದಾನದಲ್ಲೇ ಕಂಬಳ ಆಯಿತಲ್ಲ, ಅದಕ್ಕೂ ಹೋಗಿದ್ದಳು. ಕೋಣಗಳಿಗಿಂತ ಜನರ ತಲೆಯೇ ಜಾಸ್ತಿ ಕಂಡದ್ದಂತೆ. ನಮ್ಮಲ್ಲಿಯೂ ತಲೆಗಳಿಗೆ ಕಡಿಮೆ ಇಲ್ಲ. ಆದರೆ ಅವಳ ಪ್ರಶ್ನೆಯೇ ತಪ್ಪು. ಒಂದು ಜೋಡಿ ಕೋಣ ಕರೆಯ, ಅಂದರೆ ಕೆಸರು ನೀರಿನ ಓಟದ ಹಾದಿಯ, ಆ ತುದಿಯಿಂದ ಈ ತುದಿಗೆ ಬರಲು ಹನ್ನೆರಡು ಹದಿಮೂರು ಸೆಕೆಂಡು ಸಾಕು. ಆ ಹನ್ನೆರಡು ಸೆಕೆಂಡಿಗಾಗಿ ಕೆಲವೊಮ್ಮೆ ಅರ್ಧ ಗಂಟೆ ಕಾಯಬೇಕು. ಶನಿವಾರ ಬೆಳಿಗ್ಗೆ ಶುರುವಾದದ್ದು ಭಾನುವಾರ ಬೆಳಗಾದ ಮೇಲೂ ನಡೆಯುತ್ತಿರುತ್ತದೆ. ಕಾಯಲು ಬರುವವರಿಗೆ ಕಂಬಳದಷ್ಟು ಚಂದದ ಆಟ ಇನ್ನೊಂದಿಲ್ಲ. ಕಾಯಲು ಬಾರದವರು ಮಧ್ಯಾಹ್ನದ ಒಳಗೆ ಕಲ್ಲಂಗಡಿ ತಿಂದು ಮನೆಗೆ ಹೋಗುತ್ತಾರೆ.

ಅವಳಿಗೆ ಫೋನಿನಲ್ಲಿ ತುಂಡು ತುಂಡಾಗಿ ಹೇಳಿ ಸಾಕಾಗಿದೆ. ಈ ಸಲ ಎಲ್ಲವನ್ನೂ ಬರೆದೇ ಇಡುತ್ತಿದ್ದೇನೆ.

ಬುಧವಾರ: ಯಾರ ಕಡೆ ಎಂದು ತೀರ್ಮಾನಿಸಿ

ಮೊದಲು ಆರು ವಿಭಾಗ ಗೊತ್ತಿರಬೇಕು. ಇಲ್ಲದಿದ್ದರೆ ಮೈಕಿನಲ್ಲಿ ಹೇಳುವುದು ಒಂದೂ ತಲೆಗೆ ಹೋಗುವುದಿಲ್ಲ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಹಿರಿಯ, ಕಿರಿಯ ಎನ್ನುವುದು ಕೋಣದ ಪ್ರಾಯಕ್ಕೆ, ಓಡಿಸುವವರ ಪ್ರಾಯಕ್ಕಲ್ಲ. ಕೋಣದ ಬಾಯಿ ತೆರೆದು ಹಲ್ಲು ನೋಡಿ ತೀರ್ಮಾನ ಮಾಡುತ್ತಾರೆ. ನೇಗಿಲು ಎಂದರೆ ಗದ್ದೆ ಉಳುವ ನೇಗಿಲಲ್ಲ. ಅದೇ ಆಕಾರದ, ಹಗುರದ್ದು. ಹಗ್ಗದಲ್ಲಿ ನೊಗಕ್ಕೆ ಕಟ್ಟಿದ ಹಗ್ಗ ಒಂದೇ. ಓಡಿಸುವವರು ಅದನ್ನು ಹಿಡಿದು ಕೋಣಗಳ ಹಿಂದೆ ಬರಿಗಾಲಿನಲ್ಲಿ ಓಡಬೇಕು. ಅಡ್ಡಹಲಗೆಯಲ್ಲಿ ಅಡ್ಡ ಮರದ ಹಲಗೆಯ ಮೇಲೆ ನಿಲ್ಲುತ್ತಾರೆ, ಕೋಣ ಎಳೆಯುತ್ತದೆ.

ಕನೆಹಲಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸಬರು ಬೇಗ ಮರುಳಾಗುವುದು ಇದಕ್ಕೇ. ದಪ್ಪ ಮರದ ತುಂಡು, ಅದಕ್ಕೆ ಎರಡು ತೂತು. ಅದರ ಮೇಲೆ ಒಂದು ಕಾಲೂರಿ ನಿಂತು ಬರುತ್ತಾರೆ. ಕೋಣಗಳು ಎಳೆದ ಹಾಗೆ ತೂತಿನಿಂದ ಕೆಸರು ನೀರು ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ಕರೆಯ ಮೇಲೆ ಅಡ್ಡಲಾಗಿ ಬಟ್ಟೆ ಕಟ್ಟಿರುತ್ತಾರೆ, ಅದು ನಿಶಾನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದ ಲೆಕ್ಕ. ನೀರು ನಿಶಾನೆಯನ್ನು ಮುಟ್ಟಬೇಕು. ಇಲ್ಲಿ ವೇಗಕ್ಕೆ ಬೆಲೆ ಇಲ್ಲ, ಪಕ್ಕದ ಕರೆಯಲ್ಲಿ ಎದುರಾಳಿಯೂ ಇಲ್ಲ. ನೀರಿಗೂ ಆ ಬಟ್ಟೆಗೂ ಮಾತ್ರ ಪಂದ್ಯ. ಬಟ್ಟೆ ಒದ್ದೆಯಾದ ಕ್ಷಣಕ್ಕೆ ಜನ ಹಾಕುವ ಬೊಬ್ಬೆ ಇದೆಯಲ್ಲ, ಅದನ್ನು ಒಮ್ಮೆ ಕೇಳಿದವರು ಮುಂದಿನ ವರ್ಷ ಹೇಳದೆಯೇ ಬರುತ್ತಾರೆ. ಕನೆಹಲಗೆಗೆ ಜೋಡಿಗಳು ಕಡಿಮೆ, ಬೇಗ ಮುಗಿದುಹೋಗುತ್ತದೆ. ತಿಂಡಿ ತಿನ್ನುತ್ತಾ ತಪ್ಪಿಸಿಕೊಳ್ಳಬೇಡಿ.

ಇನ್ನು ಜೋಡಿ ಆರಿಸುವುದು. ಸೀಸನ್ ನವೆಂಬರ್ ಹೊತ್ತಿಗೆ ಶುರುವಾದರೆ ಮಾರ್ಚ್ ದಾಟುವವರೆಗೆ ವಾರಕ್ಕೊಂದು ಊರಿನಲ್ಲಿ ಕಂಬಳ. ಮಿಯಾರು, ಐಕಳ, ಪುತ್ತೂರು, ಉಪ್ಪಿನಂಗಡಿ, ವೇಣೂರು ಹೀಗೆ. ಫಲಿತಾಂಶ ಊರ ಪೇಪರಿನಲ್ಲಿ ಬರುತ್ತದೆ. ನಾನು ಅದನ್ನು ಕತ್ತರಿಸಿ ಅಂಗಡಿಯ ಅಳತೆ ಪುಸ್ತಕದ ಹಿಂದಿನ ಪುಟಗಳಿಗೆ ಅಂಟಿಸುತ್ತೇನೆ. ಮುಂದಿನ ಪುಟದಲ್ಲಿ ರವಿಕೆಯ ಸುತ್ತಳತೆ, ಹಿಂದಿನ ಪುಟದಲ್ಲಿ ಹಗ್ಗ ಹಿರಿಯದ ಸೆಕೆಂಡು. ಎರಡರಲ್ಲೂ ಕಾಲು ಇಂಚು ಹೆಚ್ಚುಕಡಿಮೆಯಾದರೆ ಜಗಳ.

ಹೋದ ವಾರ ಗೆದ್ದ ಜೋಡಿಯನ್ನೇ ಹಿಡಿದುಕೊಳ್ಳಬೇಡಿ. ಅದರಲ್ಲಿ ಎಂತ ಮಜಾ? ನನ್ನ ಸಲಹೆ ಕೇಳುವುದಾದರೆ ನೇಗಿಲು ಕಿರಿಯದಲ್ಲಿ ಒಂದು ಜೋಡಿ ಆರಿಸಿ. ಅತಿ ಹೆಚ್ಚು ಜೋಡಿಗಳು ಬರುವುದು ಅಲ್ಲೇ. ಬಿಸಿರಕ್ತದ ಕೋಣಗಳು. ಒಂದು ಮುಂದಕ್ಕೆ ಎಳೆದರೆ ಇನ್ನೊಂದು ಪಕ್ಕಕ್ಕೆ ಎಳೆಯುತ್ತದೆ. ಗೆಲ್ಲಬೇಕಾದದ್ದು ಅಡ್ಡ ತಿರುಗಿ ನಿಲ್ಲುತ್ತದೆ. ಆದರೆ ಅದೇ ಜೋಡಿ ಎರಡು ಮೂರು ವರ್ಷದಲ್ಲಿ ಹಿರಿಯಕ್ಕೆ ಹೋಗಿ ಪದಕ ತರುವಾಗ, "ಇದನ್ನು ನಾನು ಹಲ್ಲು ಮೂಡುವ ಕಾಲದಿಂದ ನೋಡಿದ್ದೇನೆ" ಎಂದು ಹೇಳಿಕೊಳ್ಳುವ ಯೋಗ ನಿಮ್ಮದು. ನಮ್ಮ ಮನೆಯ ಜೋಡಿಯನ್ನು ನಾನು ಹಿಡಿದದ್ದೂ ಹೀಗೆಯೇ. ನಮ್ಮ ಮನೆಯ ಜೋಡಿ ಎನ್ನುವುದು ಸುಮ್ನೆ ಬಾಯಿಮಾತು. ನಮ್ಮ ಹಟ್ಟಿಯಲ್ಲಿ ಇರುವುದು ಒಂದು ಹಸು ಮಾತ್ರ.

ಒಂದು ತೊಡಕು ಉಂಟು. ಓಡಿಸುವವರು ಒಬ್ಬ ಯಜಮಾನರ ಕೋಣಗಳನ್ನು ಮಾತ್ರ ಓಡಿಸುವುದಿಲ್ಲ. ಹಗ್ಗದಲ್ಲಿ ಒಬ್ಬರದ್ದು, ನೇಗಿಲಿನಲ್ಲಿ ಇನ್ನೊಬ್ಬರದ್ದು. ನೀವು ಓಟಗಾರನ ಕಡೆಯೋ ಕೋಣಗಳ ಕಡೆಯೋ ಎಂದು ಮೊದಲೇ ನಿರ್ಧರಿಸಿಕೊಳ್ಳಿ. ನಮ್ಮಲ್ಲಿ ಅಪ್ಪ ಕೋಣಗಳ ಕಡೆ, ಅಕ್ಕನ ಮಗ ಓಟಗಾರರ ಕಡೆ. ಈ ಜಗಳ ಜೋರಾದದ್ದು 2020ರ ಫೆಬ್ರವರಿಯಲ್ಲಿ. ನಮ್ಮ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡು ಎಂದರು. ಉಸೇನ್ ಬೋಲ್ಟ್ ಅವರ ದಾಖಲೆ 9.58. ಮರುದಿನದಿಂದ ಲೋಕವಿಡೀ ಅದೇ ಸುದ್ದಿ. ಅಕ್ಕನ ಮಗ ಕುಣಿದದ್ದೇ ಕುಣಿದದ್ದು. ಅಪ್ಪ ಚಾ ಕುಡಿಯುತ್ತಾ ಹೇಳಿದರು, "ಬೋಲ್ಟ್‌ಗೂ ಎರಡು ಕೋಣ ಕಟ್ಟಿ ಕೊಡಿ, ಆಮೇಲೆ ಮಾತಾಡುವ." ಗೌಡರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಕೀರ್ತಿ ಕೋಣಗಳದ್ದು ಎಂದರು. ಕಂಬಳದಲ್ಲಿ ಹಿಮ್ಮಡಿಯ ಮೇಲೆ ಓಡುವುದು, ಟ್ರ್ಯಾಕಿನಲ್ಲಿ ಬೆರಳ ಮೇಲೆ, ಎರಡೂ ಬೇರೆ ಎಂದರು. ಎಷ್ಟು ಚಂದದ ಮಾತು ನೋಡಿ. ಅಂದಿನಿಂದ ನಾನು ಯಾವ ಓಟ ನೋಡಿದರೂ ಮೊದಲು ಕಾಲಿನ ಹಿಮ್ಮಡಿ ನೋಡುತ್ತೇನೆ. ನೀವೂ ನೋಡಿ.

ಗುರುವಾರ: ಸಾಮಾನು

ಚಾಪೆ, ಸ್ವೆಟರ್, ತಲೆಗೆ ಟೋಪಿ, ಟಾರ್ಚ್, ನೀರಿನ ಬಾಟಲಿ, ಫೋನ್ ಚಾರ್ಜ್ ಮಾಡುವ ಪವರ್ ಬ್ಯಾಂಕ್. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ರಾತ್ರಿ ಎರಡು ಗಂಟೆಗೆ ಹಲ್ಲು ಕಟಕಟ ಎನ್ನುವ ಚಳಿ. ಘಟ್ಟದ ಮೇಲಿನವರು "ಕರಾವಳಿಯಲ್ಲಿ ಎಂತ ಚಳಿ" ಎಂದು ನಗುತ್ತಾರೆ. ಕೆರೆಯ ಬದಿಯಲ್ಲಿ ಇಬ್ಬನಿ ಬೀಳುವಾಗ ಅವರೇ ನನ್ನ ಶಾಲು ಕೇಳುತ್ತಾರೆ.

ಚಪ್ಪಲಿ ಹಳೆಯದಿರಲಿ, ಹಿಂದೆ ಪಟ್ಟಿ ಇರುವಂಥದ್ದು. ಹೊಸ ರಬ್ಬರ್ ಚಪ್ಪಲಿಯ ಒಂದು ಕಾಲನ್ನು ನಾನು ಅಲ್ಲಿನ ಕೆಸರಿಗೆ ಕೊಟ್ಟಿದ್ದೇನೆ. ಇನ್ನೊಂದು ಕಾಲನ್ನು ಸಿಟ್ಟಿನಲ್ಲಿ ನಾನೇ ಎಸೆದೆ. ಬಿಳಿ ಬಟ್ಟೆ ಬೇಡ. ಹೆಂಗಸರಿಗೆ ಒಂದು ಮಾತು: ಸೀರೆಗಿಂತ ಚೂಡಿದಾರ್ ಒಳ್ಳೆಯದು. ಸೀರೆ ಹೊಲಿಗೆಯಿಂದ ಬದುಕುವ ನಾನೇ ಹೇಳುತ್ತಿದ್ದೇನೆ.

ಶನಿವಾರದ್ದನ್ನು ಮೊದಲೇ ಹೇಳಿಬಿಡುತ್ತೇನೆ

ಶುಕ್ರವಾರವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಅದು ನನ್ನ ಇಷ್ಟದ ದಿನ.

ಮಂಗಳೂರಿನಿಂದ ಬರುವವರಿಗೆ ಸುಮಾರು 35 ಕಿಲೋಮೀಟರ್. ಕಾರ್ಕಳಕ್ಕೆ ಹೋಗುವ ಬಸ್ಸುಗಳು ಮೂಡುಬಿದಿರೆ ಮೇಲೆಯೇ ಹೋಗುತ್ತವೆ. ಇಳಿದು ರಿಕ್ಷಾದವರಿಗೆ "ಕಡಲಕೆರೆ" ಎಂದರೆ ಸಾಕು, ಆ ದಿನ ಹೇಳುವ ಅಗತ್ಯವೂ ಇಲ್ಲ. ಒಂಟಿಕಟ್ಟೆಯ ಹತ್ತಿರ ಕಡಲಕೆರೆ ನಿಸರ್ಗಧಾಮ, ಅಲ್ಲಿ ರಾಣಿ ಅಬ್ಬಕ್ಕನ ಹೆಸರಿನ ಮೈದಾನ. ಕಾರು ತಂದರೆ ಆದಷ್ಟು ದೂರದಲ್ಲೇ ನಿಲ್ಲಿಸಿ ನಡೆಯಿರಿ. ಹತ್ತಿರ ನಿಲ್ಲಿಸಿದವರ ಕಾರು ಭಾನುವಾರದವರೆಗೆ ಅಲ್ಲೇ.

ನಮ್ಮದು ಕೋಟಿ-ಚೆನ್ನಯ ಜೋಡುಕರೆ ಕಂಬಳ. ಜೋಡುಕರೆ ಎಂದರೆ ಪಕ್ಕಪಕ್ಕದಲ್ಲಿ ಎರಡು ಕರೆ, ಎರಡು ಜೋಡಿ ಒಟ್ಟಿಗೆ ಓಡುತ್ತವೆ. ತುಳುನಾಡಿನ ಅವಳಿ ವೀರರ ಹೆಸರು ಇದಕ್ಕೆ ಎಷ್ಟು ಹೊಂದುತ್ತದೆ! ಪುತ್ತೂರಿನವರೂ ಇದೇ ಹೆಸರು ಇಟ್ಟುಕೊಂಡಿದ್ದಾರೆ. ಅವರ ಬಳಿ ಆ ವಿಷಯ ಎತ್ತಬೇಡಿ, ಮಾತು ಬೆಳೆಯುತ್ತದೆ. ಕರೆಯಲ್ಲಿ ಕೋಣಗಳನ್ನು ಬಿಡುವ ತುದಿ ಗಂತು. ಓಟ ಮುಗಿದು ಕೋಣಗಳು ಏರಿ ನಿಲ್ಲುವ ತುದಿ ಮಂಜೊಟ್ಟಿ. ಎಲ್ಲಿ ನಿಲ್ಲಬೇಕೆಂದು ಕೇಳಿದರೆ ಹೊಸಬರೆಲ್ಲ ಮಂಜೊಟ್ಟಿ ಎನ್ನುತ್ತಾರೆ. ಫೋಟೋ ಸಿಗುತ್ತದೆ, ನಿಜ. ಆದರೆ ಓಡಿಬಂದ ಕೋಣ ನಿಮ್ಮ ಫೋನ್ ನೋಡಿ ನಿಲ್ಲುವುದಿಲ್ಲ. ಹಗ್ಗದ ಆಚೆಗೇ ಇರಿ, ಮಕ್ಕಳಿದ್ದರೆ ಇನ್ನೂ ಹಿಂದೆ.

ನಾನು ಬೆಳಗಿನ ಹೊತ್ತು ಗಂತಿನ ಬದಿಗೆ ಹೋಗುತ್ತೇನೆ. ಅಲ್ಲಿ ನಡೆಯುವುದನ್ನು ಟಿವಿಯಲ್ಲಿ ಯಾರೂ ಸರಿಯಾಗಿ ತೋರಿಸುವುದಿಲ್ಲ. ಎರಡು ಜೋಡಿಯೂ ಒಂದೇ ಸಾಲಿಗೆ ಬಂದು ನಿಲ್ಲಬೇಕು. ಈ ಕರೆಯವು ಸರಿಯಾದರೆ ಆ ಕರೆಯವು ತಿರುಗುತ್ತವೆ. ಆರೇಳು ಜನ ಕೊಂಬು ಹಿಡಿದು, ಬೆನ್ನು ತಟ್ಟಿ, ಮುದ್ದಿನ ಹೆಸರು ಕರೆದು ಸಮಾಧಾನ ಮಾಡುತ್ತಾರೆ. ಮೈಕಿನವರು "ಬೇಗ ಬಿಡಿ, ಸಮಯ ಹೋಗುತ್ತಾ ಉಂಟು" ಎಂದು ಬೇಡುತ್ತಲೇ ಇರುತ್ತಾರೆ. ಯಾರೂ ಕೇಳುವುದಿಲ್ಲ. ಹೊಸಬರಿಗೆ ಬೇಸರ ಬರುವುದು ಇಲ್ಲಿಯೇ. ಆ ಹೊತ್ತಿಗೆ ಕೋಣಗಳ ಕಿವಿ ನೋಡಿ. ಓಡಿಸುವವನ ಕೈ ನೋಡಿ, ಹಗ್ಗವನ್ನು ಎಷ್ಟು ಸಲ ಬಿಗಿ ಹಿಡಿದು ಸಡಿಲ ಬಿಡುತ್ತಾನೆ ಎಂದು ಎಣಿಸಿ. ಗದ್ದಲ ಒಮ್ಮೆಲೇ ನಿಂತಂತೆ ಆಗುತ್ತದೆ. ಆಗ ಕಣ್ಣು ಮಿಟುಕಿಸಬೇಡಿ.

ಸಂಜೆಗೆ ದೀಪ ಹಾಕಿದ ಮೇಲೆ ಮಂಜೊಟ್ಟಿಯ ಕಡೆಗೆ ಬರುತ್ತೇನೆ. ಗೆದ್ದವರು ಯಾರೆಂದು ಈಗ ಕಣ್ಣಂದಾಜಿನಲ್ಲಿ ಹೇಳುವ ಕಾಲವಲ್ಲ. ಬೆಳಕಿನ ಕಿರಣ ಕಡಿದ ಕೂಡಲೇ ಸೆಕೆಂಡಿನ ನೂರರಲ್ಲೊಂದು ಭಾಗದವರೆಗೆ ಬೋರ್ಡಿನಲ್ಲಿ ಬರುತ್ತದೆ. ಅಪ್ಪನ ಕಾಲದಲ್ಲಿ ತೀರ್ಪುಗಾರರ ಮಾತೇ ಕೊನೆ, ಜಗಳವೂ ಅಷ್ಟೇ ಉದ್ದ. ಈಗ ಜಗಳ ಕಡಿಮೆ. ಸ್ವಲ್ಪ ಬೇಸರವೇ ನನಗೆ.

ಕೋಣಗಳನ್ನು ಕಟ್ಟುವ ಜಾಗಕ್ಕೆ ಒಮ್ಮೆ ಹೋಗಿ ಬನ್ನಿ. ಎಣ್ಣೆ ತಿಕ್ಕಿದ ಮೈ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಬೇಯಿಸಿದ ಹುರುಳಿಯ ವಾಸನೆ ಬರುತ್ತದೆ. ಕೇಳದೆ ಮುಟ್ಟಬೇಡಿ, ಹಿಂದಿನಿಂದ ಹೋಗಬೇಡಿ. ಯಜಮಾನರ ಹತ್ತಿರ "ಎಷ್ಟು ಖರ್ಚಾಗುತ್ತದೆ?" ಎಂದು ಕೇಳಬೇಡಿ. ಗೆದ್ದವರಿಗೆ ಸಿಗುವುದು ಪವನ್ ಲೆಕ್ಕದ ಚಿನ್ನ. ಸಾಕುವ ಖರ್ಚಿನ ಮುಂದೆ ಅದು ಏನೂ ಅಲ್ಲ ಎಂದು ಅವರಿಗೂ ಗೊತ್ತು, ಅವರ ಹೆಂಡತಿಗೆ ಇನ್ನೂ ಚೆನ್ನಾಗಿ ಗೊತ್ತು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚರುಮುರಿ, ಗೋಳಿಬಜೆ, ಕಬ್ಬಿನ ಹಾಲು, ಐಸ್‌ಕ್ರೀಮ್ ಎಲ್ಲ ಸಿಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಬಿಸಿ ಆಮ್ಲೆಟ್ ಅಂಗಡಿಯ ಮುಂದೆ ನಿಂತರೆ ಚಳಿಗೂ ಒಳ್ಳೆಯದು. ಹೆಂಗಸರು ಮಾತ್ರ ಮೊದಲು ಹೋದ ಕೂಡಲೇ ಶೌಚಾಲಯ ಎಲ್ಲಿದೆ, ದೀಪ ಉಂಟೋ, ಬಾಗಿಲಿಗೆ ಚಿಲಕ ಉಂಟೋ ಎಂದು ನೋಡಿಟ್ಟುಕೊಳ್ಳಿ. ನಾನು ಹುಡುಗಿಯಾಗಿದ್ದಾಗ ರಾತ್ರಿ ಕಂಬಳದಲ್ಲಿ ಹೆಂಗಸರೇ ಅಪರೂಪ. "ಗಂಡಸರ ಗೌಜಿಯಲ್ಲಿ ನಿನಗೇನು ಕೆಲಸ" ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಅಪ್ಪ ನನ್ನನ್ನು ಹಿತ್ತಿಲ ಬಾಗಿಲಿನಿಂದ ಕರೆದುಕೊಂಡು ಹೋಗುತ್ತಿದ್ದರು. ಈಗ ಅಜ್ಜಿಯಂದಿರೇ ಕುರ್ಚಿ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಾರೆ.

ರಾತ್ರಿ ಏನೇ ಆದರೂ ಮನೆಗೆ ಹೋಗಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಂದು ವರ್ಷ ನಮ್ಮ ಜೋಡಿ ಹಗ್ಗ ಹಿರಿಯದಲ್ಲಿ ಸೆಮಿಫೈನಲ್ ದಾಟಿತು. ಬೆಳಗಿನ ಜಾವ ನಾಲ್ಕು ಗಂಟೆ. ಫೈನಲ್‌ಗೆ ಇನ್ನೂ ಹೊತ್ತುಂಟು, ಮನೆ ಹತ್ತಿರವೇ ಅಲ್ವಾ, ಮುಖ ತೊಳೆದು ಒಂದು ಲೋಟ ಕಾಫಿ ಕುಡಿದು ಬರುವ ಎಂದು ಹೋದೆ. ಚಾವಡಿಯ ಬೆಂಚಿನಲ್ಲಿ ಒಂದು ನಿಮಿಷ ಕೂತೆ. ಎದ್ದದ್ದು ಏಳೂವರೆಗೆ. ಅಪ್ಪ ಜಗಲಿಯಲ್ಲಿ ಕೂತಿದ್ದರು. ಅವರಿಗೆ ಮಂಡಿನೋವು, ಈಗ ಕರೆಯ ಬದಿಗೆ ಬರುವುದಿಲ್ಲ. ಆದರೆ ಗಾಳಿ ಇತ್ತ ಬೀಸಿದರೆ ಮೈಕ್ ಮನೆಗೇ ಕೇಳುತ್ತದೆ. "ಗೆದ್ದವಾ?" ಎಂದೆ. "ಗೆದ್ದವು" ಎಂದರು. "ಯಾಕೆ ಎಬ್ಬಿಸಲಿಲ್ಲ?" "ನೀನು ನಿದ್ದೆಯಲ್ಲಿ ನಗಾಡುತ್ತಾ ಇದ್ದೆ. ಕನಸಿನಲ್ಲಿ ನೋಡುತ್ತಾ ಇದ್ದೀಯೇನೋ ಎಂದು ಬಿಟ್ಟೆ." ಆ ವರ್ಷದ ಫೈನಲ್ ಅನ್ನು ನಾನು ಇಂದಿಗೂ ಅಪ್ಪನ ಬಾಯಿಂದ ಮಾತ್ರ ನೋಡಿದ್ದೇನೆ. ಅದಕ್ಕೇ ಚಾಪೆ ಎಂದು ಮೊದಲೇ ಬರೆದದ್ದು. ನಿದ್ದೆ ಬಂದರೆ ಅಲ್ಲೇ ಮಲಗಿ, ಪಕ್ಕದವರಿಗೆ ನಿಮ್ಮ ಜೋಡಿಯ ಹೆಸರು ಹೇಳಿ ಮಲಗಿ. ಕಂಬಳದಲ್ಲಿ ಗುರುತಿಲ್ಲದವರೂ ಎಬ್ಬಿಸುತ್ತಾರೆ.

ದೂರದಲ್ಲಿ ಇರುವವರಿಗೆ ಲೈವ್ ಉಂಟು. ನನ್ನ ತಮ್ಮ ಮಸ್ಕತ್‌ನಲ್ಲಿ ಕೂತು ನೋಡುತ್ತಾನೆ. ಹತ್ತು ನಿಮಿಷಕ್ಕೊಮ್ಮೆ ಫೋನ್. "ಅಕ್ಕಾ, ಕ್ಯಾಮೆರಾ ಇತ್ತ ತಿರುಗಿಸಿದ್ದಾರೆ, ಗಂತಿನಲ್ಲಿ ಎಂತಾಗ್ತಾ ಉಂಟು ಹೇಳು." ಕಂಬಳದ ಬದಿಯಲ್ಲಿ ನಿಂತು ಕಂಬಳ ನೋಡದೆ ಅವನಿಗೆ ವರದಿ ಕೊಡುವುದೇ ನನ್ನ ಕೆಲಸ. ಪವರ್ ಬ್ಯಾಂಕ್ ಅವನಿಗಾಗಿಯೇ.

ಮಧ್ಯಾಹ್ನ ಬೇಸರ ಬಂದರೆ ಸಾವಿರ ಕಂಬದ ಬಸದಿಗೆ ಹೋಗಿ ಬನ್ನಿ. 1430ರಲ್ಲಿ ಕಟ್ಟಿದ್ದು, ಒಳಗೆ ಕಲ್ಲಿನ ತಂಪು. ಅರ್ಧ ಗಂಟೆ ಕೂತರೆ ಬಿಸಿಲು ಇಳಿದಿರುತ್ತದೆ.

ಶುಕ್ರವಾರ

ಅಂಗಡಿ ನಾಲ್ಕು ಗಂಟೆಗೆ ಮುಚ್ಚುತ್ತೇನೆ. ಮದುವೆ ರವಿಕೆ ಬಾಕಿ ಇದ್ದರೂ ಸರಿ. ಸ್ಕೂಟರ್ ಹತ್ತಿ ನೇರ ಕಡಲಕೆರೆಗೆ.

ನೀವು ಒಂದು ದಿನ ಮೊದಲೇ ಬರಲು ಸಾಧ್ಯವಾದರೆ ಇದಕ್ಕಾಗಿ ಬನ್ನಿ. ಶುಕ್ರವಾರ ಸಂಜೆ ಕರೆ ಖಾಲಿ ಇರುತ್ತದೆ. ಎರಡು ಉದ್ದದ ನೀರಿನ ಪಟ್ಟಿ, ಒಂದು ಕಾಲಿನ ಗುರುತೂ ಇಲ್ಲ. ಮರುದಿನ ಇದೇ ನೀರು ಆಳೆತ್ತರಕ್ಕೆ ಹಾರುತ್ತದೆ ಎಂದು ನಂಬಲಾಗುವುದಿಲ್ಲ. ಸಮಿತಿಯ ಹುಡುಗರು ಸೊಂಟಕ್ಕೆ ಲುಂಗಿ ಕಟ್ಟಿ ಮಣ್ಣು ಸಮ ಮಾಡುತ್ತಿರುತ್ತಾರೆ, ಕಲ್ಲು ಸಿಕ್ಕರೆ ಆರಿಸಿ ಬಿಸಾಡುತ್ತಾರೆ. ನಿಶಾನೆಯ ಕಂಬ ನಿಲ್ಲಿಸುತ್ತಾರೆ. ಐಸ್‌ಕ್ರೀಮಿನವನು ಜಾಗಕ್ಕಾಗಿ ಚರುಮುರಿಯವನ ಜೊತೆ ಚರ್ಚೆ ಮಾಡುತ್ತಿರುತ್ತಾನೆ. ಯಾರೋ ಮೈಕಿಗೆ ಊದುತ್ತಾರೆ. "ಹಲೋ, ಹಲೋ, ಒನ್ ಟೂ ತ್ರೀ." ಆ ಮೂರು ಶಬ್ದಕ್ಕೆ ನನ್ನ ಹೊಟ್ಟೆಯೊಳಗೆ ಪರೀಕ್ಷೆಯ ಹಿಂದಿನ ದಿನದಂತೆ ಆಗುತ್ತದೆ. ನಾಳೆ ಓಡುವುದು ನಾನಲ್ಲ, ಗೆದ್ದರೆ ನನಗೆ ಒಂದು ಗ್ರಾಂ ಚಿನ್ನವೂ ಇಲ್ಲ. ಆದರೂ ಹೀಗೆ.

ಕರೆಯ ಉದ್ದಕ್ಕೂ ಒಮ್ಮೆ ನಡೆಯಿರಿ, ದಂಡೆಯ ಮೇಲೆ. ಎಲ್ಲಿ ನೆಲ ಎತ್ತರ, ಎಲ್ಲಿ ದೀಪದ ಕಂಬ ಅಡ್ಡ ಬರುತ್ತದೆ, ಬಿಸಿಲು ಎತ್ತ ತಿರುಗುತ್ತದೆ ಎಂದು ನೋಡಿ ನಾಳೆಯ ಜಾಗ ಗುರುತು ಮಾಡಿ. ನನ್ನದೊಂದು ಜಾಗ ಉಂಟು. ಎಲ್ಲಿ ಎಂದು ನಾದಿನಿಗೂ ಹೇಳಿಲ್ಲ.

ಖಾಲಿ ಕರೆ ನೋಡುವಾಗ ನನಗೆ ಕಂಬಳ ಇಲ್ಲದ ವರ್ಷಗಳು ನೆನಪಾಗುತ್ತವೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ತೀರ್ಪು ಕೊಟ್ಟಿತು, ಅದರ ಬಿಸಿ ನಮ್ಮ ಕೋಣಗಳಿಗೂ ತಾಗಿತು. ಆಮೇಲೆ ತಡೆ, ಅನುಮತಿ, ಮತ್ತೆ ತಡೆ. ಪ್ರತಿ ಸೀಸನ್‌ಗೆ ಮೊದಲು "ಈ ವರ್ಷ ಉಂಟಾ?" ಎಂದು ಕೇಳುವುದೇ ಆಯಿತು. 2017ರ ಜನವರಿಯಲ್ಲಿ ಇದೇ ಕಡಲಕೆರೆಗೆ ಕೋಣಗಳನ್ನೇ ಕರೆತಂದು ಪ್ರತಿಭಟನೆ ಮಾಡಿದರು. ಸಾಲು ಸಾಲು ಕೋಣ, ಆದರೆ ಓಟ ಇಲ್ಲ. ಅಪ್ಪ ಆಗ ನಡೆಯುತ್ತಿದ್ದರು, ಬಿಸಿಲಿನಲ್ಲಿ ಇಡೀ ದಿನ ನಿಂತಿದ್ದರು. ಆ ವರ್ಷವೇ ರಾಜ್ಯ ಸರ್ಕಾರ ಕಾನೂನು ತಿದ್ದಲು ಹೊರಟಿತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಅಂದು ಅಂಗಡಿಯ ಎದುರು ಪಟಾಕಿ. ಆದರೆ ಒಂದು ಮಾತು ಹೇಳಬೇಕು. ಕೋಣಕ್ಕೆ ಹೊಡೆಯುವುದು ನನಗೂ ಕಂಡರಾಗದು. ಬೆತ್ತಕ್ಕೆ ಕಟ್ಟುಪಾಡು ಬಂದದ್ದು ಒಳ್ಳೆಯದೇ ಆಯಿತು. ಯಾರಾದರೂ ಕೈ ಜಾಸ್ತಿ ಮಾಡಿದರೆ ಈಗ ದಂಡೆಯಿಂದಲೇ ಜನ ಬೈಯುತ್ತಾರೆ. ನಾನೂ ಬೈಯುತ್ತೇನೆ. ನಮ್ಮ ಜೋಡಿಯವರಾದರೆ ಇನ್ನೂ ಜೋರಾಗಿ.

ಕತ್ತಲಾಗುವ ಮೊದಲು ಮನೆಗೆ ಬನ್ನಿ. ಬೇಗ ಉಂಡು ಬೇಗ ಮಲಗಬೇಕು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆಗುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ದೂರದ ಊರಿನ ಕೋಣಗಳ ಲಾರಿ ಒಂದೋ ಎರಡೋ ನಮ್ಮ ರಸ್ತೆಯಲ್ಲಿ ಹೋಗುತ್ತದೆ. ನಿಧಾನವಾಗಿ, ಹಾರ್ನ್ ಹಾಕದೆ. ಅಪ್ಪ ಜಗಲಿಯಿಂದ ಶಬ್ದ ಕೇಳಿಯೇ "ಕೋಣದ ಲಾರಿ" ಎನ್ನುತ್ತಾರೆ. ಮರಳಿನ ಲಾರಿಯವರು ಹೊಂಡ ನೋಡುವುದಿಲ್ಲ, ಇವರು ನೋಡಿ ಇಳಿಸುತ್ತಾರೆ, ಅಷ್ಟೇ ಗುಟ್ಟು.

ಆಮೇಲೆ ಚೀಟಿಯ ಕೆಲಸ. ನಿಮ್ಮ ಮನೆಯಲ್ಲೂ ಮಾಡಿ, ಖರ್ಚಿಲ್ಲ. ಅಪ್ಪ, ನಾನು, ಅಕ್ಕನ ಮಗ ಒಬ್ಬೊಬ್ಬರು ಒಂದೊಂದು ಚೀಟಿಯಲ್ಲಿ ಆರು ವಿಭಾಗಕ್ಕೂ ಯಾರು ಗೆಲ್ಲುತ್ತಾರೆ ಎಂದು ಬರೆಯಬೇಕು. ಕನೆಹಲಗೆಗೆ ಮಾತ್ರ ಗೆಲ್ಲುವವರ ಹೆಸರಿನ ಬದಲು ಎಷ್ಟು ಜೋಡಿ ನೀರು ಮುಟ್ಟಿಸುತ್ತವೆ ಎಂದು ಬರೆಯುವುದು. ಬರೆದದ್ದನ್ನು ತೋರಿಸುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಮಡಚಿ ಹೊಲಿಗೆ ಮಿಷಿನ್ನಿನ ಡ್ರಾಯರ್‌ಗೆ ಹಾಕಿ ಬೀಗ. ಭಾನುವಾರ ಸಂಜೆ ತೆರೆಯುವುದು. ಹಣ ಕಟ್ಟುವುದಿಲ್ಲ. ಸೋತವರು ಗೆದ್ದವರಿಗೆ ಗೋಳಿಬಜೆ ತರಬೇಕು. ಹೋದ ಸಲ ಅಪ್ಪನದ್ದು ಆರರಲ್ಲಿ ನಾಲ್ಕು ಸರಿ. ಮನೆಯಲ್ಲೇ ಕೂತವರು! ನನ್ನದು ಒಂದು. ಅದೂ ಕನೆಹಲಗೆ.

ಈ ಸಲ ನಾನು ಚೀಟಿ ಬರೆದು ಮುಗಿಸಿ ಪೆನ್ನು ಮುಚ್ಚುವಾಗ ಅಪ್ಪ ಇನ್ನೂ ಯೋಚನೆ ಮಾಡುತ್ತಾ ಕೂತಿದ್ದರು. ಹಗ್ಗ ಹಿರಿಯ ಎಂದು ಬರೆದು ಎದುರು ಖಾಲಿ ಬಿಟ್ಟಿದ್ದರು. "ಎಂತ ಅಪ್ಪಾ, ನಮ್ಮವು ಅಲ್ವಾ?" ಎಂದೆ.

"ಸುಮ್ನಿರು," ಎಂದು ಕೈ ಅಡ್ಡ ಹಿಡಿದರು. "ಗಾಳಿ ತಿರುಗಿತು, ಕೇಳು."

ಕಡಲಕೆರೆಯ ಕಡೆಯಿಂದ ಯಾರೋ ಮತ್ತೆ ಮೈಕಿಗೆ ಊದಿದರು.